ಲ್ಯಾಬ್ ಹಳೇ ಬ್ಯಾಚ್ ಗುಂಪು: ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಪೋಸ್ಟರ್

[ಮಂಜುನಾಥ ಚಿತ್ರ ಕಳಿಸಿದ್ದಾರೆ: "ಗೇ ಪುರುಷರೇ, ಇಂದೇ ಎಚ್‌ಐವಿ ಪರೀಕ್ಷೆ ಮಾಡಿಸಿ, ನಿಶ್ಚಿಂತರಾಗಿರಿ!"]

ಮಂಜುನಾಥ: ಆಸ್ಪತ್ರೆ ಗೋಡೆಗೆ. ನಾಳೆ ಪ್ರಿಂಟಿಗೆ ಹೋಗತ್ತೆ, ಏನಾದ್ರೂ ಇದ್ರೆ ಈಗ್ಲೇ ಹೇಳಿ.

ಶೈಲಜಾ: ಆ "ಇಂದೇ" ಮತ್ತು "ನಿಶ್ಚಿಂತ" ಎರಡೂ ತಪ್ಪು ಕಣೋ. ಶನಿವಾರ ಸಂಪರ್ಕ ಆದವನು ಸೋಮವಾರ ಬಂದ್ರೆ, ಸೋಂಕು ತಗುಲಿದ್ರೂ ಟೆಸ್ಟ್ ಕಾರ್ಡ್ ನೆಗೆಟಿವ್ ತೋರಿಸತ್ತೆ. ಆ್ಯಂಟಿಬಾಡಿ ಟೆಸ್ಟಿಗೆ 23ರಿಂದ 90 ದಿನ, ವೈರಸ್ಸಿನ ಪಿ24 ಪ್ರೋಟೀನೂ ಸೇರಿಸಿ ನೋಡೋ ನಾಲ್ಕನೇ ತಲೆಮಾರಿನ ಲ್ಯಾಬ್ ಟೆಸ್ಟಿಗೆ 18ರಿಂದ 45 ದಿನ ಬೇಕು. ಸೋಮವಾರ ಬಂದವನಿಗೆ ಮುಖ್ಯವಾಗಿ ಬೇಕಿರೋದು ಪೆಪ್, ಅಂದ್ರೆ ಸಂಪರ್ಕ ಆದ್ಮೇಲೆ ಸೋಂಕು ತಡೆಯೋಕೆ ಕೊಡೋ ಮಾತ್ರೆ. 72 ಗಂಟೆ ಒಳಗೆ ಶುರು, 28 ದಿನ ಒಂದೂ ಬಿಡದೆ. ಅದರ ಸುದ್ದಿಯೇ ಇಲ್ಲ ಇದ್ರಲ್ಲಿ.

ನಾಗರಾಜ್: ಮೊದಲು ತಲೆಬರಹ ತೆಗಿ. ಗೇ ಅಂತ ದಪ್ಪಕ್ಷರದಲ್ಲಿ ಇದ್ರೆ ಅದರ ಮುಂದೆ ಯಾರು ನಿಂತು ಓದ್ತಾರೆ? ಎಲ್ಲರಿಗೂ ಅನ್ವಯಿಸೋ ಹಾಗೆ ಬರಿ.

ಫರ್ಹಾನಾ: ಎಲ್ಲರಿಗೂ ಅಂತ ಬರೆದಾಗ ಮೊದಲು ಬಿಟ್ಟುಹೋಗೋದೇ ಜೆಲ್ ವಿಷಯ. ಗುದದೊಳಗೆ ತಾನಾಗಿ ಜಾರು ಬರಲ್ಲ, ಒಳಪೊರೆ ತೆಳು, ಬೇಗ ಗಾಯ ಆಗತ್ತೆ. ಕಾಂಡೋಮ್ ಮೇಲೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದ್ರೆ ಕೆಲವೇ ನಿಮಿಷದಲ್ಲಿ ಲೇಟೆಕ್ಸ್ ಬಲ ಕಳ್ಕೊಂಡು ಹರಿಯತ್ತೆ. ನೀರಿನದ್ದು ಅಥವಾ ಸಿಲಿಕೋನ್ ಜೆಲ್ಲೇ ಆಗ್ಬೇಕು. ಭದ್ರ ಅಂತ ಒಂದರ ಮೇಲೊಂದು ಎರಡು ಹಾಕೋರಿದ್ದಾರೆ, ಅದೂ ಉಜ್ಜಿ ಹರಿಯತ್ತೆ.

ನಾಗರಾಜ್: ಮಕ್ಕಳು ಮರಿ ಓಡಾಡೋ ಜಾಗದಲ್ಲಿ ಇದೆಲ್ಲ?

ಫರ್ಹಾನಾ: ಸರಿ, ವರಾಂಡ ಬೇಡ. ಐಸಿಟಿಸಿ (ಎಚ್‌ಐವಿ ಸಲಹೆ, ಪರೀಕ್ಷೆ ಕೇಂದ್ರ) ಕೌನ್ಸೆಲಿಂಗ್ ಕೋಣೆ ಒಳಗೆ, ಗಂಡಸರ ಶೌಚಾಲಯದ ಬಾಗಿಲ ಹಿಂದೆ. ಒಬ್ಬನೇ ನಿಂತು ಓದೋ ಜಾಗ.

ಶೈಲಜಾ: ತಲೆಬರಹದ ವಿಷಯದಲ್ಲಿ ನಾಗ್ರಾಜ ಅರ್ಧ ಸರಿ. ಮದುವೆಯಾದ ಎಷ್ಟೋ ಗಂಡಸರು ತಮ್ಮನ್ನ ಗೇ ಅಂದ್ಕೊಳ್ಳೋದೇ ಇಲ್ಲ. "ಗಂಡಸರ ಜೊತೆ ಸಂಪರ್ಕ ಇದೆಯಾ?" ಅಂತ ಕೇಳು, ಗೇ ಅಂದ್ಕೊಳ್ಳೋರಿಗೂ ಅಂದ್ಕೊಳ್ಳದೋರಿಗೂ ತಾಗತ್ತೆ.

ಮಂಜುನಾಥ: 👍 ಕೆಳಗೆ ಪ್ರೆಪ್ (ಸಂಪರ್ಕಕ್ಕೆ ಮುಂಚೆಯೇ ಶುರು ಮಾಡೋ ಎಚ್‌ಐವಿ ತಡೆ ಮಾತ್ರೆ) 2-1-1 ಹಾಕಿದೀನಿ. ಸಂಪರ್ಕಕ್ಕೆ 2ರಿಂದ 24 ಗಂಟೆ ಮುಂಚೆ ಎರಡು ಮಾತ್ರೆ, ಆಮೇಲೆ 24 ಗಂಟೆಗೊಂದು, 48ಕ್ಕೊಂದು. ಸರಿನಾ?

ಶೈಲಜಾ: ಆ 24, 48 ಎಣಿಸೋದು ಮೊದಲ ಡೋಸಿಂದ, ಸಂಪರ್ಕದಿಂದ ಅಲ್ಲ. ಮಾರನೇ ದಿನವೂ ಸಂಪರ್ಕ ಆದ್ರೆ ದಿನಕ್ಕೊಂದು ಮುಂದುವರಿಸಿ, ಕೊನೇ ಸಂಪರ್ಕ ಆದ ಮೇಲೆ ಇನ್ನೂ ಎರಡು ದಿನ. ಇಷ್ಟೆಲ್ಲ ಪೋಸ್ಟರಿಗೆ ಹಿಡಿಸಲ್ಲ. ಅಲ್ಲದೆ ಆ ಮಾತ್ರೆ ಹೆಪಟೈಟಿಸ್ ಬಿ ವೈರಸ್ಸನ್ನೂ ಅಮುಕತ್ತೆ. ಬಿ ಇರೋನು ತಗೊಂಡು ಬಿಟ್ಟು ಮಾಡಿದ್ರೆ ಲಿವರ್ ಕೆರಳಬಹುದು. ಎಚ್‌ಐವಿ ಇದ್ದೂ ಗೊತ್ತಿಲ್ದೆ ನುಂಗಿದ್ರೆ ಆ ಮಾತ್ರೆಲಿರೋ ಎರಡೇ ಔಷಧಿ ಸಾಲದೆ ವೈರಸ್ ರೆಸಿಸ್ಟೆಂಟ್, ಅಂದ್ರೆ ಔಷಧಿಗೆ ಬಗ್ಗದ ಹಾಗೆ ಆಗಬಹುದು. ಎಚ್‌ಐವಿ, ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಟೆಸ್ಟ್), ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ನೋಡಿ ಡಾಕ್ಟರೇ ಬರೀಬೇಕು.

ನಾಗರಾಜ್: ಪ್ರೆಪ್ ಹೆಸರೇ ಬೇಡ. ಮಾತ್ರೆ ಇದೆ ಅಂದ್ರೆ ಕಾಂಡೋಮ್ ಬಿಡ್ತಾರೆ. ಸಿಫಿಲಿಸ್‌ನಂಥ ಲೈಂಗಿಕ ರೋಗ ಯಾರು ತಡೀತಾರೆ?

ಫರ್ಹಾನಾ: ಈಗಲೇ ಹಾಕದವನು ಮಾತ್ರೆ ಸುದ್ದಿ ಮುಚ್ಚಿಟ್ರೆ ಹಾಕ್ತಾನಾ? ಮಾತ್ರೆ ತಗೊಳ್ಳೋನು ಮೂರು ತಿಂಗಳಿಗೊಮ್ಮೆ ಎಚ್‌ಐವಿ ಟೆಸ್ಟಿಗೆ ಬರ್ತಾನಲ್ಲ, ಅದೇ ರಕ್ತದಲ್ಲಿ ಸಿಫಿಲಿಸ್‌ನ ಆರ್‌ಪಿಆರ್ ಟೆಸ್ಟ್ ಮಾಡು. ಗನೋರಿಯಾಕ್ಕೆ ಬರೀ ಮೂತ್ರ ನೋಡಿದ್ರೆ ಗುದ, ಗಂಟಲಿಂದು ತಪ್ಪಿಹೋಗತ್ತೆ, ಅಲ್ಲಿ ಎಷ್ಟೋ ಸಲ ಲಕ್ಷಣವೇ ಇರಲ್ಲ.

ನಾಗರಾಜ್: ನಾನು ಒಪ್ಪಲ್ಲ, ಆದ್ರೆ ಇನ್ನೊಂದು ಸಾಲು ಸೇರಿಸು. ಟೆಸ್ಟ್ ಆಗತ್ತೆ ಅಂತ ರಕ್ತದಾನ ಶಿಬಿರಕ್ಕೆ ಹೋಗಬೇಡಿ ಅಂತ. ವಿಂಡೋ ಪಿರಿಯಡ್‌ನಲ್ಲಿ, ಅಂದ್ರೆ ಸೋಂಕಿದ್ದೂ ಟೆಸ್ಟಲ್ಲಿ ಕಾಣದ ದಿನಗಳಲ್ಲಿ ಕೊಟ್ಟಿದ್ದು ಇನ್ನೊಬ್ಬರ ಮೈಗೆ ಹೋಗತ್ತೆ. ಐಸಿಟಿಸಿಲಿ ಹೇಗೂ ಟೆಸ್ಟಿಗೆ ದುಡ್ಡು ತಗೊಳ್ಳಲ್ಲ.

ಶೈಲಜಾ: ಇದು ಮುಖ್ಯ. ಜೊತೆಗೆ 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ದೆ ಟೆಸ್ಟ್ ಮಾಡಂಗಿಲ್ಲ, ಫಲಿತಾಂಶ ಗುಟ್ಟಾಗಿರ್ಬೇಕು ಅಂತಲೂ ಹಾಕು. ಜನ ಹೆದರೋದು ಸೂಜಿಗಲ್ಲ.

ಮಂಜುನಾಥ: ತಲೆಬರಹ ಬದಲು. "ಪೆಪ್ 72 ಗಂಟೆ ಒಳಗೆ" ಅನ್ನೋದು ಎಲ್ಲಕ್ಕಿಂತ ಮೇಲ್ಗಡೆ, ಆಮೇಲೆ ಟೆಸ್ಟ್ ದಿನಗಳು, ಜೆಲ್, ರಕ್ತದಾನ, ಗುಟ್ಟು, ಸಹಾಯವಾಣಿ 1097. ಪ್ರೆಪ್‌ಗೆ "ಡಾಕ್ಟರನ್ನ ಕೇಳಿ" ಅಷ್ಟೇ.

ನಾಗರಾಜ್: ಅಷ್ಟೂ ಬೇಡ ಅಂದೆ.

ಫರ್ಹಾನಾ: ಇರ್ಲಿ ಮಂಜು. ಪ್ರೂಫ್ ಬಂದ ಮೇಲೆ ಇಲ್ಲಿ ಹಾಕು, ದಿನದ ಅಂಕಿ ಇನ್ನೊಂದ್ಸಲ ನೋಡೋಣ.