ಮಕ್ಕಳ ಶಸ್ತ್ರಚಿಕಿತ್ಸಕರೊಂದಿಗೆ ಪ್ರಶ್ನೋತ್ತರ: ಸಾಹಸಿಯನ್ನು ಅನುಕರಿಸುವ ಮಕ್ಕಳು

ಪ್ರಶ್ನೆ (9 ವರ್ಷದ ಹುಡುಗನ ತಾಯಿ): ಮೇಡಂ, ನನ್ನ ಮಗನಿಗೆ ಮೋಟಾರ್‌ಸೈಕಲ್ ಸಾಹಸಿ ಈವೆಲ್ ಕ್ನೀವೆಲ್ ಎಂದರೆ ದೇವರು. ಹಳೆಯ ವಿಡಿಯೊಗಳನ್ನು ನೋಡಿ, ಹಲಗೆಯನ್ನು ಇಟ್ಟಿಗೆಗಳಿಗೆ ಓರೆಯಾಗಿ ಆನಿಸಿ ಸೈಕಲ್ ಹಾರಿಸುತ್ತಾನೆ. ನಿನ್ನೆ ಸಂಜೆ ಬಿದ್ದನಂತೆ, ನಮಗೆ ತಿಳಿಸಲಿಲ್ಲ. ಇಂದು ಅಂಗಿ ಬದಲಿಸುವಾಗ ಹೊಕ್ಕುಳಿನ ಮೇಲೆ ನಾಣ್ಯದಗಲದ ದುಂಡನೆಯ ಕೆಂಪು ಗುರುತು ಕಂಡಿತು. ಎರಡು ಸಲ ವಾಂತಿಯಾಗಿದೆ. ಕೇಳಿದರೆ ನೋವಿಲ್ಲ ಎನ್ನುತ್ತಾನೆ. ನಾಳೆಯವರೆಗೆ ಕಾಯಬಹುದೇ?

ವೈದ್ಯೆ: ಕಾಯಬಾರದು. ಈಗಲೇ ಶಸ್ತ್ರಚಿಕಿತ್ಸಾ ವಿಭಾಗವಿರುವ ಆಸ್ಪತ್ರೆಗೆ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ. ಪರೀಕ್ಷೆ ಮುಗಿಯುವವರೆಗೆ ಬಾಯಿಗೆ ಏನನ್ನೂ ಕೊಡಬೇಡಿ. ಆ ದುಂಡನೆಯ ಗುರುತು ಸೈಕಲ್ ಹ್ಯಾಂಡಲ್‌ನ ತುದಿಯದ್ದಾಗಿರುವ ಸಾಧ್ಯತೆ ಹೆಚ್ಚು. ಮೇದೋಜೀರಕ ಗ್ರಂಥಿಯೂ ಸಣ್ಣ ಕರುಳಿನ ಮೊದಲ ಭಾಗವೂ ಬೆನ್ನುಮೂಳೆಗೆ ಒತ್ತಿಕೊಂಡಂತೆ ಇರುವುದರಿಂದ, ಹ್ಯಾಂಡಲ್ ಹೊಟ್ಟೆಗೆ ನಾಟಿದಾಗ ಅವು ಹ್ಯಾಂಡಲ್ ಮತ್ತು ಬೆನ್ನುಮೂಳೆಯ ನಡುವೆ ಸಿಕ್ಕಿ ಜಜ್ಜಿಹೋಗಬಹುದು. ಹೊರಗೆ ಚರ್ಮ ಕೂಡ ಹರಿದಿರುವುದಿಲ್ಲ, ಲಕ್ಷಣಗಳು ಕಾಣಿಸಿಕೊಳ್ಳಲು ಕೆಲವೊಮ್ಮೆ ಒಂದೆರಡು ದಿನ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ "ಸೈಕಲ್‌ನಿಂದ ಬಿದ್ದ" ಎಂದಷ್ಟೇ ಹೇಳಬೇಡಿ, "ಹ್ಯಾಂಡಲ್ ಹೊಟ್ಟೆಗೆ ಹೊಡೆದಿರಬಹುದು" ಎಂದು ಹೇಳಿ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಆ "ನೋವಿಲ್ಲ" ಎಂಬ ಮಾತು. ಕ್ನೀವೆಲ್ 1967ರ ಡಿಸೆಂಬರ್ 31ರಂದು ಲಾಸ್ ವೇಗಸ್‌ನಲ್ಲಿ ಕಾರಂಜಿಗಳ ಮೇಲೆ ಹಾರಿ ಬಿದ್ದದ್ದೇ ಅವನನ್ನು ಮನೆಮಾತಾಗಿಸಿತು. 1975ರ ಮೇ ತಿಂಗಳಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ 13 ಬಸ್‌ಗಳನ್ನು ದಾಟಿ ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದರೂ, ನಡೆದೇ ಹೊರಹೋಗುತ್ತೇನೆಂದು ಹಠ ಹಿಡಿದ. ಮಗು ಕಲಿಯುವುದು ಹಾರಾಟವನ್ನಷ್ಟೇ ಅಲ್ಲ, ಪೆಟ್ಟನ್ನು ಮುಚ್ಚಿಡುವುದನ್ನೂ ಕಲಿಯುತ್ತದೆ. ಅವನನ್ನು ಅನುಕರಿಸಿ ಗಾಯಗೊಂಡ ಮಕ್ಕಳ ಕುರಿತು ಅಮೆರಿಕದ ವೈದ್ಯರು ಆ ಕಾಲದಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದು, ಇಂತಹ ಗಾಯಗಳಿಗೆ ಅವನದೇ ಹೆಸರನ್ನಿಟ್ಟಿದ್ದರು.

ಪ್ರಶ್ನೆ: ಹೆಲ್ಮೆಟ್ ಇದ್ದರೆ ಸಾಕಲ್ಲವೇ?

ವೈದ್ಯೆ: ಹೆಲ್ಮೆಟ್ ತಲೆಗೆ. ಮೇಲಿನದು ಹೊಟ್ಟೆಯ ಪೆಟ್ಟು.

ಪ್ರಶ್ನೆ: ಸ್ಕೇಟ್‌ಬೋರ್ಡನ್ನು ಯಾವ ವಯಸ್ಸಿನಿಂದ ಕೊಡಿಸಬಹುದು?

ಸದಸ್ಯೆ: ನಮ್ಮ ಕುಟುಂಬದ ಗುಂಪಿನಲ್ಲಿ ಬಂದ ಸಂದೇಶವನ್ನು ಹಾಕುತ್ತಿದ್ದೇನೆ. ಪೆಟ್ಟಾದ ಹೊಟ್ಟೆಗೆ ಬಿಸಿ ಎಣ್ಣೆ ಹಚ್ಚಿ ಚೆನ್ನಾಗಿ ಉಜ್ಜಿದರೆ ಒಳಗೆ ಕಟ್ಟಿದ ರಕ್ತ ಕರಗುತ್ತದೆಯಂತೆ.

ವೈದ್ಯೆ: ಕರಗುವುದಿಲ್ಲ. ಯಕೃತ್ತು (ಲಿವರ್) ಅಥವಾ ಗುಲ್ಮ (ಸ್ಪ್ಲೀನ್) ಹರಿದಿದ್ದರೆ ಉಜ್ಜುವುದರಿಂದ ರಕ್ತಸ್ರಾವ ಹೆಚ್ಚಬಹುದು. ಇಂತಹ ಸಂದೇಶಗಳನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ಸದಸ್ಯ 1: ಇಷ್ಟೆಲ್ಲ ಹೆದರಿಸುವ ಅಗತ್ಯವಿಲ್ಲ. ನಾವೂ ಕ್ನೀವೆಲ್‌ನನ್ನು ನೋಡಿ ಹಲಗೆ ಹಾರಿದವರೇ, ಏನೂ ಆಗಲಿಲ್ಲ. ಹೆಲ್ಮೆಟ್ ಧರಿಸಿ, ಮಾದಕ ವಸ್ತುಗಳಿಂದ ದೂರವಿರಿ ಎಂದು ಮಕ್ಕಳಿಗೆ ಹೇಳಿದವನೂ ಅವನೇ.

ಸದಸ್ಯ 2: ಏನಾದರೂ ಆದವರು ಹೀಗೆ ಬರೆಯುವುದಿಲ್ಲ, ಸ್ವಾಮಿ. ತನ್ನ ಬಗ್ಗೆ ಪುಸ್ತಕ ಬರೆದ ಪ್ರಚಾರಕನನ್ನು 1977ರಲ್ಲಿ ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಜೈಲು ಸೇರಿದವನೂ ಅವನೇ. ಮಕ್ಕಳಿಗೆ ಅದನ್ನೂ ಹೇಳಿ.

ಸದಸ್ಯ 1: ಅವನ ಖಾಸಗಿ ಕೋಪಕ್ಕೂ ಸಾಹಸಕ್ಕೂ ಏನು ಸಂಬಂಧ?

ಸದಸ್ಯ 2: ಆರಾಧಿಸುವ ಮಗು ಹಾಗೆ ಭಾಗ ಮಾಡಿ ಆರಾಧಿಸುತ್ತದೆಯೇ? ಹಿರಿಯರಾದ ನಿಮಗೇ ಅವನ ತಪ್ಪು ಒಪ್ಪಲಾಗುತ್ತಿಲ್ಲ.

ಸದಸ್ಯ 1: ವೈಯಕ್ತಿಕವಾಗಿ ಮಾತನಾಡಬೇಡಿ. ನಿಮ್ಮಂಥವರಿಂದಲೇ ಮಕ್ಕಳು ಪುಕ್ಕಲರಾಗುತ್ತಿದ್ದಾರೆ.

ಪ್ರಶ್ನೆ: ತಲೆಗೆ ಪೆಟ್ಟಾದ ಮಗುವನ್ನು ರಾತ್ರಿಯಿಡೀ ನಿದ್ರಿಸಲು ಬಿಡಬಾರದು ಎಂಬುದು ನಿಜವೇ? ಹೆಲ್ಮೆಟ್ ಹಾಕಿದ್ದ.

ವೈದ್ಯೆ: ಎಚ್ಚರವಾಗಿಟ್ಟ ಮಾತ್ರಕ್ಕೆ ರಕ್ಷಣೆಯಿಲ್ಲ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಲಾಗದ ಮಂಪರು, ಗೊಂದಲದ ಮಾತು, ಸೆಳೆತ, ಕಿವಿ ಮೂಗುಗಳಿಂದ ನೀರಿಳಿಯುವುದು, ಇವುಗಳಲ್ಲಿ ಯಾವುದೊಂದಿದ್ದರೂ ತಕ್ಷಣ ಆಸ್ಪತ್ರೆ. ಹೆಲ್ಮೆಟ್ ಹಾಕಿದ್ದರೂ ಇದೇ ಉತ್ತರ.

ಸದಸ್ಯೆ: ಮೇಡಂ, ಉಜ್ಜದೆ ಬರೀ ಬಿಸಿ ಶಾಖ ಕೊಟ್ಟರೆ?

ವೈದ್ಯೆ: ಬೇಡ ಎಂದೆನಲ್ಲ.

ತಾಯಿ: ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಸ್ಕ್ಯಾನ್‌ನಲ್ಲಿ ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿರುವುದು ಕಂಡಿದೆ. ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ, ದಾಖಲಿಸಿಕೊಂಡು ಗಮನಿಸುತ್ತೇವೆ ಎಂದಿದ್ದಾರೆ. ರಾತ್ರಿಯೆಲ್ಲ ನೋವಿತ್ತೆಂದು ಈಗ ಒಪ್ಪಿಕೊಂಡ. ಇವನಿಗೆ ಏನು ಹೇಳಲಿ?

ವೈದ್ಯೆ: ಬೈಯಬೇಡಿ. ಬೈದರೆ ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡುತ್ತಾನೆ. ಹಲಗೆಯನ್ನು ತೆಗೆದುಹಾಕಿ. ವಿಡಿಯೊವನ್ನು ನಿಷೇಧಿಸುವ ಬದಲು, ಗುಣವಾದ ಮೇಲೆ ವೆಂಬ್ಲಿಯದನ್ನು ಜೊತೆಗೆ ಕುಳಿತು ನೋಡಿ, ಎರಡೂ ಕಡೆಯಿಂದ ಕ್ನೀವೆಲ್‌ನನ್ನು ಹಿಡಿದುಕೊಂಡಿದ್ದವರನ್ನು ತೋರಿಸಿ.

ಸದಸ್ಯ 1: ಆದರೂ ನಡೆದನಲ್ಲ!

ವೈದ್ಯೆ: ನಿಮ್ಮಿಬ್ಬರ ವಾದವನ್ನು ಬೇರೆಡೆ ಮುಂದುವರಿಸಿ. ಇಲ್ಲಿ ಪೆಟ್ಟಾದ ಮಕ್ಕಳ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತೇನೆ.

ಪ್ರಶ್ನೆ: ಹೆಲ್ಮೆಟ್ ಯಾವುದು ಒಳ್ಳೆಯದು, ಮೇಡಂ?