ಮರೆವಿನ ಕಾಯಿಲೆಯಿರುವ ಅರ್ಥಧಾರಿಯನ್ನು ಕೂಟಕ್ಕೆ ಕರೆದೊಯ್ಯಬಹುದೇ?

ಪ್ರಶ್ನೆ (ಪೆರ್ಲದಿಂದ, ಮಗಳು)

ನನ್ನ ತಂದೆಯವರು ಪೆರ್ಲ, ಬದಿಯಡ್ಕ ಕಡೆಯ ತಾಳಮದ್ದಳೆ ಕೂಟಗಳಲ್ಲಿ ಬಹುಕಾಲ ಅರ್ಥ ಹೇಳಿದವರು, ಅಂದರೆ ವೇಷವಿಲ್ಲದೆ ಕುಳಿತು, ಭಾಗವತರು ಹಾಡಿದ ಪದ್ಯಕ್ಕೆ ಪಾತ್ರವಾಗಿ ಮಾತು ಕಟ್ಟಿದವರು. ಅವರಿಗೆ ಅಲ್‌ಝೈಮರ್ ಕಾಯಿಲೆಯಿದೆ ಎಂದು ಕಳೆದ ವರ್ಷ ತಿಳಿಯಿತು. ಇತ್ತೀಚೆಗೆ ಕೂಟವೊಂದರಲ್ಲಿ ಕೃಷ್ಣನ ಅರ್ಥ ಹೇಳುತ್ತಾ ಹೇಳಿದ್ದನ್ನೇ ಮತ್ತೆ ಹೇಳತೊಡಗಿದಾಗ ಸಭೆಯಲ್ಲಿ ಕೆಲವರು ನಕ್ಕರು. ಗಳಿಸಿದ ಹೆಸರು ಉಳಿಯಬೇಕಾದರೆ ಇನ್ನು ಕರೆದೊಯ್ಯಬಾರದೆಂಬುದು ಅಣ್ಣನ ಅಭಿಪ್ರಾಯ. ಆದರೆ ಜಗಲಿಯಲ್ಲಿ ಕುಳಿತಾಗಲೂ ಅವರ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತವೆ. ಆದಿತ್ಯವಾರ ಬಂದರೆ ಶಾಲು ಎಲ್ಲಿ ಎಂದು ಕೇಳುತ್ತಾರೆ. ಮನೆಯಲ್ಲೇ ಕೂರಿಸಿದರೆ ಅವರ ಮರ್ಯಾದೆಯನ್ನು ಕಾಯ್ದಂತೆಯೋ ಕಿತ್ತುಕೊಂಡಂತೆಯೋ ತಿಳಿಯುತ್ತಿಲ್ಲ.

ಉತ್ತರ (ಕಾಸರಗೋಡಿನಿಂದ, ನಿವೃತ್ತ ದಾದಿ)

ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಹೊಸ ನೆನಪುಗಳನ್ನು ಕೂಡಿಡುವ, ಮಿದುಳಿನ ಹಿಪೊಕ್ಯಾಂಪಸ್ ಭಾಗವನ್ನು. ಆದ್ದರಿಂದಲೇ ಬೆಳಿಗ್ಗೆ ಏನು ತಿಂದೆವೆಂಬುದು ಮರೆತುಹೋಗುತ್ತದೆ. ವರ್ಷಗಟ್ಟಲೆಯ ಅಭ್ಯಾಸದಿಂದ ಕೈಗೆ, ಬಾಯಿಗೆ ಬಂದ ತಾಳ ಮತ್ತು ರಾಗಗಳ ನೆನಪು ಬೇರೆ ಭಾಗಗಳನ್ನು ಆಶ್ರಯಿಸಿರುವುದರಿಂದ ಬಹಳ ಕಾಲ ಉಳಿಯುವುದುಂಟು. "ನಾನು ಯಾರು ಹೇಳಿ" ಎಂದು ಪರೀಕ್ಷಿಸುವುದನ್ನು ದಯವಿಟ್ಟು ನಿಲ್ಲಿಸಿ. ಸಂಜೆಯಾದಂತೆ ಗೊಂದಲ ಹೆಚ್ಚುವವರು ಅನೇಕರಿರುವುದರಿಂದ ರಾತ್ರಿಯ ಕೂಟ ಬೇಡ, ಹಗಲು ಹೊತ್ತು ಒಳ್ಳೆಯದು.

ನಮ್ಮ ಜಿಲ್ಲೆಯವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಕನ್ನಡವೋ ತುಳುವೋ ಮಾತಾಡುವ ಹಿರಿಯರನ್ನು ಮಲಯಾಳದಲ್ಲಿ ಪ್ರಶ್ನಿಸಿ ನೆನಪಿನ ಅಂಕ ಹಾಕಿದರೆ ಅದು ಅವರ ನಿಜವಾದ ಶಕ್ತಿಯನ್ನು ತೋರಿಸುವುದಿಲ್ಲ. ಜೊತೆಗೆ ಹೋಗಿ, ಅವರ ಭಾಷೆಯಲ್ಲೇ ಕೇಳಬೇಕೆಂದು ಒತ್ತಾಯಿಸಿ. ಎರಡು ಮೂರು ದಿನಗಳಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ ಅರಳುಮರಳೆಂದು ಸುಮ್ಮನಾಗಬೇಡಿ, ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ. ಅವರು ತಿಳಿದು ಹೇಳಬಲ್ಲ ಈಗಲೇ, ಮುಂದೆ ಯಾವ ಚಿಕಿತ್ಸೆ ಬೇಕು, ಯಾರು ತಮ್ಮ ಪರವಾಗಿ ಮಾತಾಡಬೇಕು ಎಂಬುದನ್ನು ಬರೆಸಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ.

ಉತ್ತರ (ಮುಳ್ಳೇರಿಯದಿಂದ, ಮದ್ದಳೆಗಾರ)

ತಂಗೀ, ತಾಳಮದ್ದಳೆಯಲ್ಲಿ ಪದ್ಯ ಮಾತ್ರ ಕವಿಯದು, ಅರ್ಥ ಆ ಕ್ಷಣದಲ್ಲಿ ಹುಟ್ಟುವಂಥದ್ದು. ಬಾಯಿಪಾಠ ಒಪ್ಪಿಸುವ ಕಲೆ ಇದಾಗಿದ್ದರೆ ಅಣ್ಣನ ಮಾತನ್ನು ನಾನೂ ಒಪ್ಪುತ್ತಿದ್ದೆ. ನಿಮ್ಮ ಜಗಲಿಯಲ್ಲೇ ಸಣ್ಣ ಕೂಟ ಮಾಡೋಣ. ವಾದದಲ್ಲಿ ಗೆಲ್ಲಲೇಬೇಕಾದ ಪಾತ್ರ ಬೇಡ, ಒಂದೆರಡು ಪದ್ಯಗಳಿರುವ ಪಾತ್ರ ಸಾಕು. ಪದ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ಮುಂದಿಡಿ. ಅವರು ಹೇಳಿದ್ದನ್ನೇ ಹೇಳಿದರೆ ಎದುರು ಕುಳಿತವನು ಅದಕ್ಕೆ ಹೊಸ ಉತ್ತರ ಕೊಡಬೇಕು. ಒಳ್ಳೆಯ ಸಹ ಅರ್ಥಧಾರಿಗೆ ಅದು ಕಷ್ಟವಲ್ಲ. ಮಾತು ಬಾರದ ದಿನ ಕೈಗೆ ಚಕ್ರತಾಳ ಕೊಡಿ. ಲಯ ತಪ್ಪಿದರೆ ಮದ್ದಳೆಯಲ್ಲಿ ನಾನು ಹೊಂದಿಸಿಕೊಳ್ಳುತ್ತೇನೆ.

ಉತ್ತರ (ಮಂಜೇಶ್ವರದಿಂದ)

ನನ್ನ ತಾಯಿಗೂ ಇದೇ ಕಾಯಿಲೆ. ವಾರದ ಹೆಸರು ಹೇಳಲಾರರು, ಆದರೆ ಬಾಳೆನಾರನ್ನು ನೀರಿನಲ್ಲಿ ನೆನೆಸಿಟ್ಟರೆ ಮಲ್ಲಿಗೆ ಮೊಗ್ಗುಗಳನ್ನು ಜೋಡಿಸಿ ಕಟ್ಟುತ್ತಾ ಹೋಗುತ್ತಾರೆ. ಕಟ್ಟಿದ ಮಾಲೆ ದೇವರ ಪಟಕ್ಕೆ ಹೋಗಬೇಕು. ಹೊತ್ತು ಕಳೆಯಲೆಂದು ಕೊಟ್ಟ ಕೆಲಸವಾದರೆ ಅವರಿಗೆ ಅದು ಗೊತ್ತಾಗುತ್ತದೆ. ಒಬ್ಬ ನೆಂಟರು ಅವರ ತಡವರಿಕೆಯ ವೀಡಿಯೊವನ್ನು ವಾಟ್ಸಾಪ್‌ನಲ್ಲಿ ಹಂಚಿದ್ದು ನನಗೆ ಇಂದಿಗೂ ನೋವು ಕೊಡುತ್ತದೆ. ನಿಮ್ಮ ಕೂಟದಲ್ಲಿ ಮೊಬೈಲುಗಳನ್ನು ಮೊದಲೇ ಒಳಗಿಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಥ ಹೇಳಲು ಮನಸ್ಸಿದೆಯೇ ಎಂದು ತಂದೆಯವರನ್ನೇ ಕೇಳಿದ್ದೀರಾ?

ಪ್ರಶ್ನೆ ಕೇಳಿದವರಿಂದ

ಅಣ್ಣನೂ ನಾನೂ ವಾದಿಸಿದೆವೇ ಹೊರತು ಅವರನ್ನು ಕೇಳಿರಲಿಲ್ಲ. ಇಂದು ಬೆಳಿಗ್ಗೆ ಕೇಳಿದಾಗ, "ಭಾಗವತರು ಯಾರು?" ಎಂದರು. ಮದ್ದಳೆಗಾರರೇ, ಬರುವ ಆದಿತ್ಯವಾರ ಬೆಳಗ್ಗಿನ ಕಾಫಿಯ ಹೊತ್ತಿಗೆ ಬರಲು ನಿಮಗೆ ಅನುಕೂಲವಾದೀತೇ? ಭಾಗವತರನ್ನು ನಾನೇ ಗೊತ್ತುಮಾಡುತ್ತೇನೆ.