ಎಲ್ಲಾ ಹಾರ್ಮೋನ್ ಮಾತ್ರೆ ಕೊಡುತ್ತಿದ್ದೇವೆ, ಮಗನ ಹಸಿವು ಮಾತ್ರ ಯಾಕೆ ನಿಲ್ಲುತ್ತಿಲ್ಲ?

ಮಲೆನಾಡಿನ ಅಮ್ಮ:
ನನ್ನ ಮಗನಿಗೆ 11 ವರ್ಷ. ಹೋದ ವರ್ಷ ಬೆಂಗಳೂರಿನಲ್ಲಿ ಕ್ರೇನಿಯೋಫ್ಯಾರಿಂಜಿಯೋಮಾ ಅನ್ನುವ ಗಡ್ಡೆಗೆ ಆಪರೇಷನ್ ಆಯಿತು. ಕ್ಯಾನ್ಸರ್ ಅಲ್ಲ, ಆದರೆ ಮಿದುಳಿನ ಬುಡದಲ್ಲಿ ಹಾರ್ಮೋನ್ ತಯಾರಿಸುವ ಪಿಟ್ಯುಟರಿ ಗ್ರಂಥಿಗೂ ಅದರ ಮೇಲೆ ಇರುವ ಹೈಪೋಥಲಾಮಸ್ ಅನ್ನುವ ಮಿದುಳಿನ ಭಾಗಕ್ಕೂ ಅಂಟಿಕೊಂಡಿತ್ತು. ಈಗ ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಹಾರ್ಮೋನ್ ಥೈರಾಕ್ಸಿನ್, ದಿನಕ್ಕೆ ಮೂರು ಸಲ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್, ಎರಡು ಸಲ ಮೂತ್ರ ವಿಪರೀತ ಹೋಗದಂತೆ ತಡೆಯುವ ಡೆಸ್ಮೋಪ್ರೆಸಿನ್. ಒಂದನ್ನೂ ತಪ್ಪಿಸಿಲ್ಲ.

ಆದರೂ 32 ಕೆ.ಜಿ. ಇದ್ದವನು ಈಗ 51. ಉಂಡು ಕೈ ತೊಳೆದು ಬಂದು "ಅಮ್ಮಾ, ಊಟ ಯಾವಾಗ?" ಅಂತ ಕೇಳುತ್ತಾನೆ. ಮೊನ್ನೆ ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಕತ್ತಲಲ್ಲೇ ಕೂತು ಪಾತ್ರೆಯಿಂದ ತಂಗಳನ್ನ ತಿನ್ನುತ್ತಿದ್ದ. ನನ್ನನ್ನು ಕಂಡು ಅತ್ತುಬಿಟ್ಟ. ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಸ್ಟೀರಾಯ್ಡ್ ನಿಲ್ಲಿಸು, ತಾನೇ ಇಳಿಯುತ್ತಾನೆ" ಅನ್ನುವವರು ಕೆಲವರು, "ನೀನೇ ಸಲುಗೆ ಕೊಟ್ಟು ಹಾಳು ಮಾಡಿದೆ" ಅನ್ನುವವರು ಕೆಲವರು. ಇದು ಮಾತ್ರೆಯಿಂದಲೇ ಆಗಿದ್ದಾ? ಉಳಿದ ಹಾರ್ಮೋನ್‌ಗಳನ್ನೆಲ್ಲ ತುಂಬಿಕೊಡಲು ಆಗುತ್ತದೆ ಅಂದರೆ ಹಸಿವಿಗೂ ಒಂದು ಮಾತ್ರೆ ಇರಬೇಕಲ್ವಾ?

ಫಿಸಿಯಾಲಜಿ ಮೇಷ್ಟ್ರು:
ಮೊದಲು ಇದು: ಹೈಡ್ರೋಕಾರ್ಟಿಸೋನ್ ನಿಲ್ಲಿಸಬೇಡಿ, ಒಂದು ದಿನವೂ ಬೇಡ. ಸ್ಟೀರಾಯ್ಡ್ ತಿಂದರೆ ದಪ್ಪ ಆಗುತ್ತಾರೆ ಅನ್ನುವುದು ಆಸ್ತಮಾ, ಕೀಲುನೋವಿಗೆಲ್ಲ ಕೊಡುವ ದೊಡ್ಡ ಡೋಸ್ ನೋಡಿ ಹುಟ್ಟಿದ ಮಾತು. ಇವನಿಗೆ ಕೊಡುವುದು ಎಲ್ಲರ ಮೈಯೂ ದಿನಾ ತಯಾರಿಸುವಷ್ಟನ್ನು ಮಾತ್ರ. ಡೋಸ್ ಚೂರು ಜಾಸ್ತಿ ಇದ್ದರೆ ತೂಕ ಏರಬಹುದು, ಅದನ್ನು ಡಾಕ್ಟರ್ ಲೆಕ್ಕ ಹಾಕಲಿ. ನೀವಾಗಿಯೇ ನಿಲ್ಲಿಸಿದರೆ ಬಿಪಿ, ಸಕ್ಕರೆ ಎರಡೂ ಕುಸಿದು ಜೀವಕ್ಕೇ ಅಪಾಯ.

ಈಗ ಹಸಿವಿನ ವಿಷಯ. ಹೈಪೋಥಲಾಮಸ್‌ನ ತಳದಲ್ಲಿ ಎರಡು ಬಗೆಯ ನರಕೋಶಗಳಿವೆ. ಒಂದು "ತಿನ್ನು" ಅನ್ನುತ್ತದೆ, ಇನ್ನೊಂದು "ಸಾಕು" ಅನ್ನುತ್ತದೆ. ಖಾಲಿ ಹೊಟ್ಟೆಯಿಂದ ಬರುವ ಗ್ರೆಲಿನ್ ಅನ್ನುವ ಹಾರ್ಮೋನ್ ಮೊದಲನೆಯದನ್ನು ಎಬ್ಬಿಸುತ್ತದೆ. ಮೈಯ ಕೊಬ್ಬಿನಿಂದ ಬರುವ ಲೆಪ್ಟಿನ್ ಅನ್ನುವ ಹಾರ್ಮೋನ್ ಎರಡನೆಯದಕ್ಕೆ "ದಾಸ್ತಾನು ಇದೆ, ನಿಲ್ಲಿಸು" ಅಂತ ಸುದ್ದಿ ಮುಟ್ಟಿಸುತ್ತದೆ. ಗ್ರೆಲಿನ್, ಲೆಪ್ಟಿನ್ ಸಿಕ್ಕಿದ್ದು 1990ರ ದಶಕದಲ್ಲಿ, ಆದರೆ ಹಸಿವಿಗೆ ಮಿದುಳಿನಲ್ಲಿ ಜಾಗ ಇದೆ ಅನ್ನುವುದು ಇನ್ನೂ ಹಳೆಯ ವಿಚಾರ. ನಮ್ಮ ದೇಶದವರೇ ಆದ ಫಿಸಿಯಾಲಜಿ ವಿಜ್ಞಾನಿ ಬಿ.ಕೆ. ಆನಂದ್ 1951ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ವಿಜ್ಞಾನಿ ಬ್ರೋಬೆಕ್ ಜೊತೆ ಸೇರಿ ಇಲಿಗಳ ಹೈಪೋಥಲಾಮಸ್‌ನ ಎರಡೂ ಪಕ್ಕದ ಚಿಕ್ಕ ಭಾಗವನ್ನು ನಾಶ ಮಾಡಿ ನೋಡಿದರು. ಆಹಾರ ಎದುರಿಗಿದ್ದರೂ ಇಲಿಗಳು ಮುಟ್ಟಲಿಲ್ಲ. ನಡುಭಾಗಕ್ಕೆ ಪೆಟ್ಟಾದರೆ ಇಲಿಗಳು ತಿಂದೂ ತಿಂದೂ ಊದಿಕೊಳ್ಳುತ್ತವೆ ಅಂತ ಅದಕ್ಕೆ ಮುಂಚೆಯೇ ಬೇರೆಯವರು ಕಂಡಿದ್ದರು. ನಿಮ್ಮ ಮಗನಿಗೆ ಆಗಿರುವುದು ಈ ಎರಡನೆಯ ತರಹದ್ದು.

ಹಸಿವಿಗೆ ಮಾತ್ರೆ ಯಾಕಿಲ್ಲ ಅಂದಿರಿ. ಪಿಟ್ಯುಟರಿ ಕೆಟ್ಟಾಗ ಕಡಿಮೆಯಾಗುವುದು ಹಾರ್ಮೋನ್, ಅದನ್ನು ಹೊರಗಿನಿಂದ ಕೊಡಬಹುದು. 1999ರಲ್ಲಿ ಕೇಂಬ್ರಿಡ್ಜ್‌ನ ವೈದ್ಯರು ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ 9 ವರ್ಷದ ಹುಡುಗಿಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟಾಗ ಅವಳ ಹಸಿವೂ ಇಳಿಯಿತು, ತೂಕವೂ ಇಳಿಯಿತು. ನಿಮ್ಮ ಮಗನ ಮೈಯಲ್ಲಿ ಲೆಪ್ಟಿನ್‌ಗೆ ಕೊರತೆ ಇಲ್ಲ. ಕಾಗದ ಬರುತ್ತಿದೆ, ಓದುವ ಕೋಶಗಳೇ ಹೋಗಿವೆ. ಮೇಲಿಂದ ಇನ್ಸುಲಿನ್ ಜಾಸ್ತಿ ಸುರಿಯುತ್ತದೆ, ಮೈ ಶಕ್ತಿ ಖರ್ಚು ಮಾಡುವುದನ್ನೂ ಕಡಿಮೆ ಮಾಡುತ್ತದೆ. ಹಾಗಾಗಿ ಬೇರೆ ಮಕ್ಕಳಷ್ಟೇ ತಿಂದರೂ ಇವನ ತೂಕ ಏರುತ್ತದೆ. ಇದರಲ್ಲಿ ಸಲುಗೆಯ ಪ್ರಶ್ನೆಯೇ ಬರುವುದಿಲ್ಲ. ನೆಂಟರಿಗೆ ಇದನ್ನೇ ಓದಿಸಿ.

13ರಲ್ಲಿ ಆಪರೇಷನ್, ಈಗ 27:
ಅಕ್ಕಾ, ನಿಮ್ಮ ಮಗನ ಜಾಗದಲ್ಲಿ ನಾನಿದ್ದೆ. ಆ ಹಸಿವು ಹೊಟ್ಟೆಯಲ್ಲಿ ಇರುವುದಿಲ್ಲ. ಹೊಟ್ಟೆ ಬಿಗಿದು ನೋಯುತ್ತಿರುತ್ತದೆ, ಆದರೂ ತಲೆಯಲ್ಲಿ ಮೂರು ದಿನ ಉಪವಾಸ ಇದ್ದ ಹಾಗೆ ಅನಿಸುತ್ತಿರುತ್ತದೆ. ಬೈದರೆ ಕದ್ದು ತಿನ್ನುವುದು ಕಲಿಯುತ್ತಾನೆ, ಅಷ್ಟೇ.

ನಮ್ಮ ಮನೆಯಲ್ಲಿ ಅಡುಗೆಮನೆಗೆ ಬೀಗ ಹಾಕಿದರು, ಆದರೆ ನನ್ನನ್ನು ಕೂರಿಸಿ ಕೇಳಿಯೇ ಹಾಕಿದರು. ಊಟದ ಹೊತ್ತನ್ನು ಗೋಡೆಯ ಮೇಲೆ ಬರೆದರು, ಮನೆಯವರೆಲ್ಲ ಅದೇ ಹೊತ್ತಿಗೆ ಉಂಡರು. ಮುಂದಿನ ಊಟ ಎಷ್ಟು ಗಂಟೆಗೆ ಅಂತ ಖಚಿತವಾಗಿ ಗೊತ್ತಿದ್ದರೆ ತಲೆ ಸ್ವಲ್ಪ ಸುಮ್ಮನಿರುತ್ತದೆ. ಹಸಿವು ತಣಿಯಲಿ ಅಂತ ಸುಮ್ನೆ ನೀರು ಕುಡಿಸುತ್ತಾ ಹೋಗಬೇಡಿ. ಡೆಸ್ಮೋಪ್ರೆಸಿನ್ ತಗೊಳ್ಳುವವರಿಗೆ ನೀರು ಜಾಸ್ತಿಯಾದರೆ ಸೋಡಿಯಂ ಇಳಿದು ಫಿಟ್ಸ್ ಬರಬಹುದು.

ಇನ್ನೊಂದು. ಒಮ್ಮೆ ಊರಿನ ಡಾಕ್ಟರೊಬ್ಬರು ನನ್ನ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಕಡಿಮೆ ಇದೆ ಅಂತ ಥೈರಾಕ್ಸಿನ್ ಇಳಿಸಿದರು. ಎರಡು ತಿಂಗಳು ಹಾಸಿಗೆಯಿಂದ ಏಳಲಾಗಲಿಲ್ಲ. ಟಿಎಸ್‌ಎಚ್ ಬರುವುದೇ ಪಿಟ್ಯುಟರಿಯಿಂದ, ಅದು ಕೆಟ್ಟವರಲ್ಲಿ ಆ ಲೆಕ್ಕ ನಂಬಲು ಆಗುವುದಿಲ್ಲ. ರಕ್ತದಲ್ಲಿರುವ ಥೈರಾಕ್ಸಿನ್ನನ್ನೇ ಅಳೆಯುವ ಫ್ರೀ ಟಿ4 ಪರೀಕ್ಷೆ ನೋಡಿ ಅಂತ ನೀವೇ ಕೇಳಿ. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಎರಡು ಮೂರು ಪಟ್ಟು ಮಾಡಬೇಕು, ವಾಂತಿಯಾದರೆ ಇಂಜೆಕ್ಷನ್ನೇ ಬೇಕು. ಎಷ್ಟು ಅಂತ ಡಾಕ್ಟರ್ ಹತ್ತಿರ ಬರೆಸಿಕೊಂಡು ಆ ಚೀಟಿಯನ್ನು ಅವನ ಸ್ಕೂಲ್ ಬ್ಯಾಗಿನಲ್ಲಿ ಇಡಿ.

ಮಲೆನಾಡಿನ ಅಮ್ಮ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಬರೆದದ್ದನ್ನು ನಮ್ಮ ಅತ್ತೆಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ಹೋಗಿ ಮಗನ ತಲೆ ಸವರಿದರು. ಇಂಜೆಕ್ಷನ್ ವಿಷಯ ನಮಗೆ ಯಾರೂ ಹೇಳಿರಲಿಲ್ಲ, ನಾಳೆಯೇ ಫೋನ್ ಮಾಡುತ್ತೇನೆ. ಸ್ಕೂಲಿನಲ್ಲಿ ಅದನ್ನು ಯಾರ ಕೈಯಲ್ಲಿ ಕೊಟ್ಟಿದ್ದಿರಿ?

13ರಲ್ಲಿ ಆಪರೇಷನ್, ಈಗ 27:
ಪಿಟಿ ಮೇಡಂ ಹತ್ತಿರ. ಅಮ್ಮ ಅವರನ್ನು ಮನೆಗೆ ಕರೆದು, ಕಿತ್ತಳೆ ಹಣ್ಣಿಗೆ ಚುಚ್ಚಿಸಿ ಅಭ್ಯಾಸ ಮಾಡಿಸಿದ್ದರು.